ಕಿಟಕಿಯ ಕೆಳಗಿನ ಕೆಂಪು

ಇದು ನಿಜವಾಗಿ ನಡೆದದ್ದು. ಇದರಲ್ಲಿ ಸಾಸಿವೆಯಷ್ಟು ಸುಳ್ಳಿದ್ದರೂ ನನ್ನ ನಾಲಿಗೆ ಬಿದ್ದುಹೋಗಲಿ, ಮಾತಿಲ್ಲದೆ ಮೂಲೆಯಲ್ಲಿ ಕೂರುವಂತಾಗಲಿ. ನನಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ ಅನ್ನುವುದು ನಿಮಗೇ ಗೊತ್ತು. ಬೆಕ್ಕಿನ ವಿಷಯ ಮಾತ್ರ ನಾನು ಕಣ್ಣಾರೆ ಕಂಡದ್ದಲ್ಲ. ಆದರೆ ಅದನ್ನು ಹೇಳಿದವಳು ಆ ಬೆಕ್ಕನ್ನು ಸಾಕಿದವಳೇ. ಸುಳ್ಳು ಹೇಳಿ ಅವಳಿಗೇನು ಆಗಬೇಕು?

ಮರಕ್ಕೆ ಪಾಲಿಶ್ ಹಾಕುವವನೊಬ್ಬನಿದ್ದ. ಎಲ್ಲರೂ ಅವನನ್ನು ಮಿಂಚಣ್ಣ ಅನ್ನುತ್ತಿದ್ದರು. ಮೇಜು, ಕುರ್ಚಿ, ಬಾಗಿಲು, ಬೀರು, ಯಾವುದೇ ಇರಲಿ, ಮೊದಲು ತರಿತರಿ ಉಪ್ಪುಕಾಗದದಲ್ಲಿ ಉಜ್ಜಿ, ಆಮೇಲೆ ಹತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ಉಂಡೆ ಮಾಡಿ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿಗೆ ಅದ್ದಿ, ಗುಂಡಗೆ ಗುಂಡಗೆ ತಿಕ್ಕಿದನೆಂದರೆ ಮರದೊಳಗೆ ಯಾರೋ ದೀಪ ಹಚ್ಚಿಟ್ಟ ಹಾಗೆ ಕಾಣುತ್ತಿತ್ತು. ಅವನು ಕೈ ಹಾಕಿದ ಒಂದು ಬೀರುವಿನ ಮುಂದೆ ಆ ಬೆಕ್ಕು ಬಂದು ನಿಂತಿತು. ಒಳಗಿರುವ ಬೆಕ್ಕು ಯಾವ ಮನೆಯದು ಎಂದು ಗುರುಗುಟ್ಟಿತು. ಅದು ಜಾಗ ಬಿಡಲಿಲ್ಲ, ಇದೂ ಬಿಡಲಿಲ್ಲ. ಕೊನೆಗೆ ಬೀರುವನ್ನು ಗೋಡೆಯ ಕಡೆಗೆ ತಿರುಗಿಸಿ ನಿಲ್ಲಿಸಿದ ಮೇಲೆಯೇ ಬೆಕ್ಕು ಹಾಲಿಗೆ ಬಾಯಿ ಇಟ್ಟಿದ್ದು. ಇನ್ನೊಂದು ಮನೆಯಲ್ಲಿ ಅವನ ಪಾಲಿಶ್ ಕಂಡ ಮೇಜನ್ನು ನೋಡಿದ ನೆಂಟನೊಬ್ಬ, ನೀರು ನಿಂತಿದೆ ಅಂದುಕೊಂಡು ಪ್ಯಾಂಟಿನ ಕಾಲು ಮಡಿಸಿಕೊಂಡನಂತೆ.

"ಮರದ ಕೆಳಗೆ ಏನಿರುತ್ತೆ? ಮರವೇ ಇರುತ್ತೆ," ಅನ್ನುತ್ತಿದ್ದ ಮಿಂಚಣ್ಣ. "ಹೆದರ್ಕೊಂಡು ಉಜ್ಜಿದ್ರೆ ಮೇಲಿನ ಹೊಳಪು ಬರುತ್ತೆ. ಧೈರ್ಯವಾಗಿ ಉಜ್ಜಿದ್ರೆ ಒಳಗಿನ ಹೊಳಪು ಬರುತ್ತೆ."

ಅವನ ಜೀವನವೆಲ್ಲ ನಿಂತದ್ದು ಈ ಒಂದು ಮಾತಿನ ಮೇಲೆ. ಮುಳುಗಿದ್ದೂ ಇದರಿಂದಲೇ.

ಹೆಂಡತಿ ಹೊಲಿಗೆಯವಳು. ಬೀದಿಯ ಕಡೆಗಿದ್ದ ಕಿಟಕಿಯ ಹತ್ತಿರ ಮಷಿನ್ ಇಟ್ಟುಕೊಂಡು ಶಾಲೆಯ ಮಕ್ಕಳ ಅಂಗಿ, ಚಡ್ಡಿ ಹೊಲಿಯುತ್ತಿದ್ದಳು. ಮಿಂಚಣ್ಣ ಮಾತಿನ ಮಲ್ಲನಾದರೆ ಅವಳು ಮಾತಿಗೆ ಕತ್ತರಿ. ಅವನು ಒಂದು ಗಜ ಬಿಚ್ಚಿದರೆ ಅವಳು ಅರ್ಧ ಗಜ ಕತ್ತರಿಸಿ, "ಇಷ್ಟು ಸಾಕು, ಉಳಿದದ್ದು ನಾಳೆಗೆ ಇಟ್ಕೊಳ್ಳಿ," ಅನ್ನುವಳು. ಮಕ್ಕಳಿರಲಿಲ್ಲ. ಇಬ್ಬರೂ ದುಡಿದು ಒಂದು ಹಳೆಯ ಕಾರು ಕೊಂಡಿದ್ದರು. ಬಣ್ಣ ಆರಿಸಿದವಳು ಅವಳು. "ದಿನವೆಲ್ಲ ಬೂದು ಬಟ್ಟೆ ಹೊಲಿದು ಕಣ್ಣು ಬೂದಿ ಆಗಿದೆ ರೀ, ಕೆಂಪು ಸಿಕ್ಕರೆ ತಗೊಳ್ಳೋಣ," ಅಂದಿದ್ದಳು. ಕೆಂಪು ಕಾರು ಸಿಕ್ಕಿತು. ಅದು ಓಡಿದ್ದಕ್ಕಿಂತ ಕಿಟಕಿಯ ಕೆಳಗೆ ನಿಂತದ್ದೇ ಹೆಚ್ಚು.

ಆಮೇಲೆ ಅವಳ ಕಣ್ಣು ಹೋಗತೊಡಗಿತು.

ಮೊದಲು ಸೂಜಿಯ ಕಣ್ಣು ಹೋಯಿತು. ಆಮೇಲೆ ದಾರ, ಆಮೇಲೆ ಗುಂಡಿ, ಆಮೇಲೆ ಬಾಗಿಲಲ್ಲಿ ನಿಂತವರ ಮುಖ. ಡಾಕ್ಟರು ದೀಪ ಬಿಟ್ಟು ನೋಡಿದರು, ಹನಿ ಹಾಕಿ ನೋಡಿದರು, ಕೊನೆಗೆ ತಮ್ಮದೇ ಕನ್ನಡಕ ತೆಗೆದು ಒರೆಸಿಕೊಂಡರು. ಡಾಕ್ಟರು ಕನ್ನಡಕ ಒರೆಸಿಕೊಂಡರೆ ಏನರ್ಥ ಅನ್ನುವುದು ಎಲ್ಲರಿಗೂ ಗೊತ್ತು. "ಇರುವಷ್ಟು ದಿನ ನೋಡ್ಕೊಳ್ಳಿ ತಾಯಿ," ಅಂದರು, "ಇಷ್ಟೇ ದಿನ ಅಂತ ನಾನು ಹೇಳೋಕಾಗಲ್ಲ."

ಕೊನೆಗೆ ಅವಳಿಗೆ ಉಳಿದದ್ದು ಒಂದೇ ಒಂದು. ಮಧ್ಯಾಹ್ನದ ಬಿಸಿಲು ನೇರವಾಗಿ ಬಿದ್ದಾಗ, ಕಿಟಕಿಯ ಕೆಳಗೆ, ಕಾರಿನ ಮೇಲ್ಭಾಗದಷ್ಟು ಅಗಲದ ಒಂದು ಕೆಂಪು. ಗಂಡನ ಮುಖ ಇಲ್ಲ, ತನ್ನ ಕೈ ಇಲ್ಲ, ಎದುರಿನ ಮನೆ ಇಲ್ಲ, ಅದೊಂದೇ ಇತ್ತು. ಸಾಮಾನ್ಯವಾಗಿ ಮೊದಲು ಹೋಗುವುದೇ ಕೆಂಪು, ಈಯಮ್ಮನಿಗೆ ಹೇಗೆ ಉಳಿಯಿತೋ ಎಂದು ಡಾಕ್ಟರಿಗೂ ಅಚ್ಚರಿ. ಹೇಗೆ ಎಂದರೆ ಹಠ. ಬೇರೆ ಕಾರಣ ನನಗೆ ತೋರುವುದಿಲ್ಲ. ಊಟವಾದ ಮೇಲೆ ಕಿಟಕಿಯ ಕಟ್ಟೆಯ ಮೇಲೆ ಎರಡೂ ಅಂಗೈ ಊರಿ ಕೂತಳೆಂದರೆ, ಬಿಸಿಲು ಇಳಿಯುವ ತನಕ ಅಲ್ಲೇ.

"ಇದೆಯೇನೇ?" ಅಂತ ಮಿಂಚಣ್ಣ ಒಳಗಿನಿಂದ ಕೇಳುವನು.

"ಇದೆ," ಅನ್ನುವಳು ಅವಳು. ಆ ಮನೆಯಲ್ಲಿ ಅದೇ ದೊಡ್ಡ ಸುದ್ದಿ.

ಒಂದು ದಿನ ಅವಳು "ಇದೆ" ಅನ್ನಲಿಲ್ಲ. "ಮಸುಕಾಗ್ತಿದೆ ರೀ," ಅಂದಳು. "ಕಾರೋ ಕಣ್ಣೋ ಗೊತ್ತಾಗ್ತಿಲ್ಲ."

ಮಿಂಚಣ್ಣ ಹೊರಗೆ ಓಡಿ ನೋಡಿದ. ಕಾರು ಬಿಸಿಲಿಗೆ ಬೆಂದು ಇಟ್ಟಿಗೆಯ ಪುಡಿ ಎರಚಿದ ಹಾಗಿತ್ತು. ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಬೀದಿಯಲ್ಲೇ ನಕ್ಕುಬಿಟ್ಟ. ಕಣ್ಣಾದರೆ ಅವನಿಂದ ಏನೂ ಆಗದು. ಹೊಳಪಿನ ವಿಷಯವಾದರೆ ಅವನೇ ರಾಜ.

"ಕಾರು ಕಣೇ, ಕಾರು!" ಎಂದು ಕೂಗಿದ. "ನಿನ್ನ ಕಣ್ಣಿಗೇನೂ ಆಗಿಲ್ಲ. ನಾಳೆ ನೋಡು, ಈ ಕೆಂಪು ನಿನ್ನ ಮಡಿಲಿಗೇ ಬಂದು ಕೂರುತ್ತೆ."

ಮಾರನೆಯ ದಿನ ಕಾರಿನ ಬಣ್ಣ ಉಜ್ಜುವ ಕಾಂಪೌಂಡ್ ಅನ್ನುವ ಮುಲಾಮಿನ ಡಬ್ಬಿ ತಂದು, ಮೊದಲು ಸೋಪಿನ ನೀರಲ್ಲಿ ತೊಳೆದು, ಒರೆಸಿ, ಆ ಮಣ್ಣಿನಂಥ ಮುಲಾಮನ್ನು ಬಟ್ಟೆಗೆ ಹಚ್ಚಿ ಉಜ್ಜಿದ. ಮೇಲಿನ ಸತ್ತ ಪದರ ಹೋಯಿತು. ಕೆಳಗಿನಿಂದ ಎದ್ದ ಕೆಂಪು ಎಂಥದು ಅನ್ನುತ್ತೀರಿ? ಎದುರು ಮನೆಯ ಸುಣ್ಣದ ಗೋಡೆ ಗುಲಾಬಿಯಾಯಿತು. ಅಂಚೆಯವನು ಬಾನೆಟ್ಟಿನ ಮುಂದೆ ನಿಂತು ಬೈತಲೆ ಸರಿ ಮಾಡಿಕೊಂಡು, ಅಲ್ಲಿ ಕಂಡ ತನ್ನ ಮುಖ ಮನೆಯ ಕನ್ನಡಿಯದಕ್ಕಿಂತ ಚೆನ್ನಾಗಿದೆಯೆಂದು ಮತ್ತೆ ಎರಡು ಸಲ ಅದೇ ಬೀದಿಗೆ ಬಂದ. ಒಂದು ಕಾಗೆ ಕಾರಿನೊಳಗಿನ ಆಕಾಶಕ್ಕೆ ಹಾರಲು ಹೋಗಿ ಕೊಕ್ಕು ಸೊಟ್ಟ ಮಾಡಿಕೊಂಡಿತು.

ಕಿಟಕಿಯಲ್ಲಿದ್ದ ಹೆಂಡತಿ ತುಸು ಹಿಂದಕ್ಕೆ ಸರಿದಳು, ಯಾರೋ ತೀರ ಹತ್ತಿರ ಬಂದು ನಿಂತ ಹಾಗೆ.

"ಹತ್ತಿರ ಬಂದಿದೆ," ಅಂದಳು. ಆಮೇಲೆ ಬಹಳ ಹೊತ್ತು ನಗುತ್ತ ಕೂತಳು. ಮಿಂಚಣ್ಣ ಕೆಳಗೆ ಬಟ್ಟೆ ಹಿಡಿದುಕೊಂಡು ನಿಂತಿದ್ದ. ಅವಳು ನಗುವುದನ್ನು ಅವನು ನೋಡುತ್ತಿದ್ದಾನೆ ಅನ್ನುವುದು ಅವಳಿಗೆ ಕಾಣುತ್ತಿರಲಿಲ್ಲ. ಅದಕ್ಕೇ ಆ ನಗೆಯಲ್ಲಿ ಒಂದಿಷ್ಟೂ ಸಂಕೋಚವಿರಲಿಲ್ಲ.

ಕತೆ ಅಲ್ಲಿಗೇ ನಿಂತಿದ್ದರೆ ನಾನೂ ಎದ್ದು ಹೋಗುತ್ತಿದ್ದೆ.

ಸ್ವಲ್ಪ ದಿನಕ್ಕೆ ಅವಳು ಮತ್ತೆ "ಮಸುಕಾಗ್ತಿದೆ" ಅಂದಳು. ಮಿಂಚಣ್ಣ ಹೊರಗೆ ಬಂದು ನೋಡಿದ. ಕಾರು ಹೊಳೆಯುತ್ತಲೇ ಇತ್ತು. ಅವನು ಬಗ್ಗಿ ನೋಡಿದ, ಓರೆಯಾಗಿ ನೋಡಿದ, ಒಂದು ಕಣ್ಣು ಮುಚ್ಚಿ ನೋಡಿದ. ಹುಡುಕಿದರೆ ಮಸುಕು ಸಿಗದೆ ಇರುತ್ತದೆಯೇ? ಬಾಗಿಲ ಹಿಡಿಯ ಹತ್ತಿರ ಒಂದು ಚೂರು ಸಿಕ್ಕಿತು. "ಇದೇ ನೋಡು," ಎಂದು ಇಡೀ ಕಾರನ್ನು ಮತ್ತೆ ಉಜ್ಜಿದ. ಅವಳು "ಈಗ ಪರವಾಗಿಲ್ಲ," ಅಂದಳು. ಮತ್ತೆ ಕೆಲವು ದಿನ, ಮತ್ತೆ ಮಸುಕು, ಮತ್ತೆ ಉಜ್ಜು. ಅವಳ ಕಣ್ಣು ಒಂದು ಹೆಜ್ಜೆ ಹಿಂದೆ ಹೋದಾಗಲೆಲ್ಲ ಇವನು ಕಾರಿನಿಂದ ಒಂದು ಪದರ ತೆಗೆಯುತ್ತಿದ್ದ.

ಅವಳ ತಮ್ಮ, ಅಂದರೆ ಮಿಂಚಣ್ಣನ ಬಾಮೈದ, ಗ್ಯಾರೇಜೊಂದರಲ್ಲಿ ಕಾರಿಗೆ ಬಣ್ಣ ಹೊಡೆಯುವವನು. ಮಿಂಚಣ್ಣನಿಗೆ ಆ ಕಸುಬು ಕಂಡರೆ ತಾತ್ಸಾರ. "ಪಿಚಕಾರಿ ಹಿಡ್ಕೊಂಡು ಉಗಿಯೋದೂ ಒಂದು ಕೆಲಸವಾ?" ಅನ್ನುತ್ತಿದ್ದ. ಒಂದು ದಿನ ಅಕ್ಕನನ್ನು ನೋಡಲು ಬಂದ ಬಾಮೈದ, ಹಗ್ಗದ ಮೇಲೆ ಒಣಗಲು ಹಾಕಿದ್ದ ಒರೆಸುವ ಬಟ್ಟೆಗಳ ಮುಂದೆ ನಿಂತುಬಿಟ್ಟ. ಒಂದೊಂದೂ ಕೆಂಪಗಿತ್ತು.

"ಏನು ಭಾವ ಇದು?"

"ಕೊಳೆ. ಉಜ್ಜಿದಷ್ಟೂ ಬರ್ತಾನೇ ಇದೆ."

"ಕೊಳೆ ಕೆಂಪಗಿರುತ್ತಾ? ಅದು ಕೊಳೆ ಅಲ್ಲ ಭಾವ, ಕಾರು."

"ಹೋಗೋ, ನೀನೊಬ್ಬ ಹೇಳೋಕೆ ಬಂದ."

"ಹಳೇ ಕಾಲದ ಬಣ್ಣ, ಮೇಲೆ ಗಾಜಿನಂಥ ಪದರ ಇಲ್ಲ. ಕಾಗದದಷ್ಟೂ ದಪ್ಪ ಇರಲ್ಲ. ಇದು ನಿಮ್ಮ ಮರ ಅಲ್ಲ, ಕೆಳಗೆ ಮತ್ತೆ ಇದೇ ಸಿಗುತ್ತೆ ಅನ್ನೋಕೆ. ಕೆಳಗೆ ಬೂದು ಪ್ರೈಮರ್, ಅದರ ಕೆಳಗೆ ತಗಡು. ಇನ್ನು ಇದಕ್ಕೆ ಬಟ್ಟೆ ಮುಟ್ಟಿಸ್ಬೇಡಿ. ಮೇಣ ತಂದ್ಕೊಡ್ತೀನಿ, ತೆಳ್ಳಗೆ ಹಚ್ಚಿ ಬಿಟ್ಬಿಡಿ."

"ನಿಮ್ಮಕ್ಕನಿಗೆ ಮಸುಕು ಕಾಣ್ತಿದೆಯಲ್ಲ, ಅದಕ್ಕೇನು ಹೇಳ್ತೀಯ?"

ಬಾಮೈದ ಕಿಟಕಿಯ ಕಡೆ ನೋಡಿ ದನಿ ತಗ್ಗಿಸಿದ. "ಭಾವ, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಯಾಕೆ ಬರೆ ಹಾಕ್ತಿದೀರಿ?"

ಆ ಮಾತು ಮಿಂಚಣ್ಣನಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ಒಳಗೊಳಗೆ ಅವನಿಗೂ ಗೊತ್ತಿದ್ದ ವಿಷಯವೇ. ಗೊತ್ತಿರುವುದನ್ನು ಇನ್ನೊಬ್ಬ ಬಾಯಿಬಿಟ್ಟು ಹೇಳಿದರೆ ಕೋಪ ಬರುತ್ತದೆ. "ನಿನ್ನ ಎಮ್ಮೆ ನಿನ್ನ ಗ್ಯಾರೇಜಿನಲ್ಲಿ ಇಟ್ಕೋ," ಅಂದು ಒಳಗೆ ಹೋದ.

ಆದರೆ ಬಟ್ಟೆಯಲ್ಲಿ ಉಜ್ಜುವುದನ್ನು ನಿಲ್ಲಿಸಿದ. ಬಾಮೈದ ತಂದುಕೊಟ್ಟ ಮೇಣದ ಡಬ್ಬಿಯನ್ನು ಮಾತ್ರ ಮುಟ್ಟಲಿಲ್ಲ. ತನ್ನ ಮನೆಯ ಹೊಳಪಿಗೆ ಇನ್ನೊಬ್ಬನ ಡಬ್ಬಿಯೇ? ಯಾವ ಕೈಗೆ ಯಾವ ವಿದ್ಯೆಯೋ ಅದನ್ನೇ ಮಾಡಿದ. ಬೀರುವಿಗೆ ಹಾಕುವ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯ ಉಂಡೆ ಅದ್ದಿ, ಕಾರಿನ ಮೇಲೆ ಗುಂಡಗೆ ಗುಂಡಗೆ ತಿಕ್ಕಿದ. ಒಂದು ಪದರ ಒಣಗಿದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಕಾರಿಗೆ ಅರಗು ಹಾಕಿದವನನ್ನು ಲೋಕದಲ್ಲಿ ಯಾರೂ ಕಂಡಿರಲಿಕ್ಕಿಲ್ಲ.

ಏನು ಹೇಳಲಿ? ಆ ಕೆಂಪಿಗೆ ಆಳ ಬಂತು. ಬಾವಿಗೆ ಬರುವಂಥ ಆಳ. ಒಂದು ಮಗು ಬಾನೆಟ್ಟಿನ ಮೇಲೆ ಬಗ್ಗಿ "ಹೋ" ಎಂದು ಕೂಗಿದರೆ ಒಳಗಿನಿಂದ "ಹೋ" ಎಂದು ಕೇಳಿಸಿತು ಅನ್ನುತ್ತಾರೆ. ನಾನು ಕೂಗಿ ನೋಡಲಿಲ್ಲ, ನನ್ನ ದನಿ ದೊಡ್ಡದು.

"ರೀ," ಅಂದಳು ಹೆಂಡತಿ ಕಿಟಕಿಯಿಂದ, "ಇಷ್ಟು ಚೆನ್ನಾಗಿ ನಾನು ಯಾವತ್ತೂ ನೋಡಿರ್ಲಿಲ್ಲ. ಕಣ್ಣು ಸರಿ ಇದ್ದಾಗ್ಲೂ."

ಮಿಂಚಣ್ಣನಿಗೆ ಆಯುಷ್ಯದಲ್ಲಿ ಸಿಕ್ಕ ಹೊಗಳಿಕೆಯೆಲ್ಲ ಒಂದು ಕಡೆ, ಇದೊಂದು ಒಂದು ಕಡೆ.

ಅರಗಿನ ಗುಣ ಬಲ್ಲವರಿಗೆ ಮುಂದಿನದು ಆಗಲೇ ತಿಳಿದಿರಬೇಕು. ಅರಗಿಗೂ ತೇವಕ್ಕೂ ಹಾವು ಮುಂಗುಸಿಯ ಸಂಬಂಧ. ಬೀರು ಮನೆಯೊಳಗೆ ಬೆಚ್ಚಗಿರುತ್ತದೆ, ಕಾರು ಬೀದಿಯಲ್ಲಿ ಮಲಗುತ್ತದೆ. ಎರಡು ಬೆಳಗು ಗಟ್ಟಿಯಾಗಿ ಇಬ್ಬನಿ ಬಿತ್ತು. ಅರಗು ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು. ಇಡೀ ಕಾರಿಗೆ ಪೊರೆ ಬಂತು, ಮುದಿಯನ ಕಣ್ಣಿಗೆ ಬಂದ ಹಾಗೆ.

"ಹೊಗೆ ತುಂಬಿದ ಹಾಗಿದೆ," ಅಂದಳು ಅವಳು.

ಅವತ್ತು ಅವಳನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ತಮ್ಮ ಬಂದಿದ್ದ. ಇಬ್ಬರೂ ಆಚೆ ಹೋದರೋ ಇಲ್ಲವೋ, ಮಿಂಚಣ್ಣ ಸ್ಪಿರಿಟ್ಟಿನ ಸೀಸೆ ಹಿಡಿದು ಕಾರಿನ ಮೇಲೆ ಬಿದ್ದ. ಅವಳು ಬರುವುದರೊಳಗೆ ಪೊರೆ ತೆಗೆದು ಹೊಸದಾಗಿ ಅರಗು ಹಾಕಿಬಿಡಬೇಕು. ಅರಗು ಸುಲಭವಾಗಿ ಬರಲಿಲ್ಲ. ಬೇಗ ಬೇಗ ತಿಕ್ಕಿದ. ಬಟ್ಟೆಗೆ ಅಂಟಿಕೊಂಡು ಮುದ್ದೆಯಾಯಿತು. ಆಗ ಬಟ್ಟೆ ಬಿಸಾಕಿ, ನಲವತ್ತು ವರ್ಷ ತನ್ನ ಬೆರಳುಗಳಂತೆ ಇದ್ದ ಉಪ್ಪುಕಾಗದವನ್ನು ಹಿಡಿದ. ಧೈರ್ಯವಾಗಿ ಉಜ್ಜಿದರೆ ಒಳಗಿನದು ಬರುತ್ತದೆ. ಬಗ್ಗಿ, ಹಲ್ಲು ಕಚ್ಚಿ, ಬೆವರು ಕಣ್ಣಿಗೆ ಇಳಿಯುತ್ತಿದ್ದರೂ ಒರೆಸಿಕೊಳ್ಳದೆ ಉಜ್ಜಿದ. ಪುಡಿ ಎದ್ದು ಕೈಯೆಲ್ಲ ಕೆಂಪಾಯಿತು. ನೀರು ಸುರಿದು ತೊಳೆದು ಹಿಂದೆ ಸರಿದು ನೋಡಿದ.

ಬಾನೆಟ್ಟು ಬೂದಿ. ಮೇಲ್ಭಾಗವೆಲ್ಲ ಬೂದಿ, ನಡುನಡುವೆ ತಗಡಿನ ಬಿಳುಪು. ಅಂಚುಗಳಲ್ಲಿ ಮಾತ್ರ ಒಂದಿಷ್ಟು ಕೆಂಪು ಉಳಿದಿತ್ತು, ಉಗುರಿನ ಸಂದಿಯಲ್ಲಿ ಉಳಿದ ಹಾಗೆ. ಕಿಟಕಿಯಿಂದ ನೋಡಿದರೆ ಅದೂ ಕಾಣದು.

ಒಳಗಿನದು ಬಂದಿತ್ತು.

ಅವನು ಇನ್ನೂ ಹಾಗೇ ನಿಂತಿರುವಾಗ ಆಟೋ ಬಂತು. ಬಾಮೈದ ಅಕ್ಕನ ಕೈ ಹಿಡಿದು ಇಳಿಸಿದ. ಕಾರಿನ ಕಡೆ ತಿರುಗಿದ. ಅವನ ಬಾಯಿ ತೆರೆಯಿತು.

ಮಿಂಚಣ್ಣ ಕೈ ಮುಗಿದ. ಕೆಂಪು ಪುಡಿ ಮೆತ್ತಿದ ಆ ಎರಡೂ ಕೈಯನ್ನು ಎದೆಗೆ ಒತ್ತಿಕೊಂಡು, ತಲೆ ಅಲ್ಲಾಡಿಸಿ, ಬೇಡ ಎಂದ. ಒಂದು ಸದ್ದೂ ಇಲ್ಲ. ಅಕ್ಕ ಇಬ್ಬರ ನಡುವೆ ನಿಂತಿದ್ದಳು. ಕಣ್ಣು ಕಾಣದವಳ ಮುಂದೆ ಇಬ್ಬರು ಗಂಡಸರು ಕೈಸನ್ನೆ ಮಾಡಿಕೊಳ್ಳುವುದಿದೆಯಲ್ಲ, ಕಳ್ಳತನಕ್ಕೂ ಅದಕ್ಕಿಂತ ಮರ್ಯಾದೆ ಇದೆ. ಬಾಮೈದನ ಬಾಯಿ ಮುಚ್ಚಿಕೊಂಡಿತು.

"ಡಾಕ್ಟ್ರು ಏನಂದ್ರು?" ಎಂದು ಕೇಳಿದ ಮಿಂಚಣ್ಣ. ದನಿ ಹೇಗೋ ಹೊರಟಿತು.

"ಇನ್ನೂ ಸ್ವಲ್ಪ ಉಳಿದಿದೆಯಂತೆ, ನೋಡ್ಬೇಕು ಅಂದ್ರೆ ಈಗ್ಲೇ ಚೆನ್ನಾಗಿ ನೋಡ್ಕೊಳ್ಳಿ ಅಂದ್ರು," ಅಂದಳು ಅವಳು. "ಬಿಸಿಲಿದ್ದಾಗ್ಲೇ ಕೂತ್ಕೋತೀನಿ. ಕೈ ಹಿಡೀರಿ."

ಮಿಂಚಣ್ಣ ಕೈ ಹಿಡಿಯಲಿಲ್ಲ, ಕೈ ಒದ್ದೆಯಿದೆ ಅಂದ. ತಮ್ಮನೇ ಕರೆದುಕೊಂಡು ಹೋಗಿ ಕಿಟಕಿಯ ಹತ್ತಿರ ಕೂರಿಸಿದ. ಅವಳು ಎಂದಿನಂತೆ ಕಟ್ಟೆಯ ಮೇಲೆ ಎರಡೂ ಅಂಗೈ ಊರಿದಳು. ಮುಖ ಕೆಳಗೆ ತಿರುಗಿಸಿದಳು. ಕಾದಳು. ಸ್ವಲ್ಪ ಎಡಕ್ಕೆ ತಿರುಗಿಸಿ ನೋಡಿದಳು, ಸ್ವಲ್ಪ ಬಲಕ್ಕೆ. ಇಬ್ಬರೂ ಅವಳ ಹಿಂದೆ ನಿಂತಿದ್ದರು.

"ಮೋಡ ಆಗಿದೆಯಾ ರೀ?"

"ಹೂಂ," ಅಂದ ಮಿಂಚಣ್ಣ. "ಮೋಡ."

ಅವಳು ಅಂಗೈಯನ್ನು ಕಟ್ಟೆಯ ಮೇಲೆ ಮೆಲ್ಲಗೆ ಆಡಿಸಿದಳು, ಬಟ್ಟೆಯ ನೂಲು ನೋಡುವ ಹಾಗೆ.

"ಮೋಡ ಇದ್ರೆ ಕಟ್ಟೆ ಯಾಕೆ ಸುಡ್ತಿದೆ?"

ಬಾಮೈದ ಮಿಂಚಣ್ಣನ ಮುಖ ನೋಡಿದ.

"ಓ," ಅಂದಳು ಅವಳು. "ಹೋಯ್ತು ಹಾಗಾದ್ರೆ."

ಆಗ ಹೇಳಬೇಕಿತ್ತು. ನನಗೂ ಗೊತ್ತು, ನಿಮಗೂ ಗೊತ್ತು, ಮಿಂಚಣ್ಣನಿಗೂ ಗೊತ್ತಿತ್ತು. ಹೋಗಿಲ್ಲ ಕಣೇ, ನಾನು ಕಾರನ್ನು ಹಾಳು ಮಾಡಿದೆ, ನಿನ್ನ ಕಣ್ಣು ಹಾಗೇ ಇದೆ. ಇಷ್ಟೇ ಮಾತು. ಬೆಕ್ಕಿನ ಬಗ್ಗೆ, ಕಾಗೆಯ ಬಗ್ಗೆ ನೂರು ಮಾತು ಹೊಸೆಯುವ ನಾಲಿಗೆಗೆ ಇಷ್ಟು ಎತ್ತಲಾಗಲಿಲ್ಲ. ಅವಳು ತಿರುಗಿ ಅವನ ತೋಳನ್ನು ತಡವಿ ಹಿಡಿದುಕೊಂಡು, "ನೀವು ಬೇಜಾರು ಮಾಡ್ಕೋಬೇಡಿ, ಬರೋದು ಗೊತ್ತಿತ್ತಲ್ಲ," ಎಂದಳು. ತಪ್ಪು ಮಾಡಿದವನಿಗೇ ಸಮಾಧಾನ ಹೇಳಿದಳು. ಆ ಸಮಾಧಾನ ಅವನ ಬಾಯಲ್ಲಿ ಬಿಸಿ ತುಪ್ಪದ ಹಾಗೆ ಕೂತಿತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಹೊರಗೆ ಬಾಮೈದ ಅವನನ್ನು ಗೋಡೆಗೆ ಒತ್ತಿ ಹಿಡಿದ. "ನೀವು ಹೇಳ್ತೀರೋ, ನಾನು ಹೇಳ್ಲೋ?"

"ಈಗ ಹೇಳಿದ್ರೆ ಏನು ತೋರಿಸ್ಲಿ ಅವಳಿಗೆ? ಈ ಬೂದೀನಾ?" ಅಂದ ಮಿಂಚಣ್ಣ. "ನೀನು ಬಣ್ಣ ಹೊಡ್ಕೊಡು. ಕೆಂಪು ತಂದು ನಿಲ್ಲಿಸಿ, ಕಣ್ಣಿಗೆ ತೋರಿಸಿ, ಆಮೇಲೆ ಹೇಳ್ತೀನಿ. ನಿನ್ನ ಕಾಲಿಗೆ ಬೀಳ್ತೀನಿ ಕಣೋ."

"ನನ್ನ ಕಾಲು ಯಾಕೆ? ಅವಳಿಗೆ ಇನ್ನೂ ಕಾಣುತ್ತೆ ಭಾವ. ಡಾಕ್ಟ್ರು ನನ್ನ ಎದುರಿಗೇ ಹೇಳಿದಾರೆ."

"ಅದಕ್ಕೇ ಬೇಗ ಹೊಡಿ."

ಪಿಚಕಾರಿಯವನೆಂದು ಹೀಯಾಳಿಸಿದವನ ಹಿಂದೆ ಮಿಂಚಣ್ಣ ತಲೆ ತಗ್ಗಿಸಿ ನಡೆದ. ಕಾರು ಗ್ಯಾರೇಜಿಗೆ ಹೋಯಿತು. ಎಂಜಿನ್ನಿನ ಸದ್ದು ದೂರವಾಗುವುದನ್ನು ಕೇಳಿ, ಎಲ್ಲಿಗೆ ಎಂದು ಅವಳು ಕೇಳಲಿಲ್ಲ. ತನಗಿನ್ನು ಕಾರು ಎಲ್ಲಿದ್ದರೇನು ಅನ್ನುವ ಹಾಗೆ. ಸಂಜೆ ಅದು ವಾಪಸು ಬಂದು ನಿಂತಿದೆ ಎಂದು ಮಿಂಚಣ್ಣ ಹೇಳಿದ್ದನ್ನೂ ನಂಬಿದಳು.

ಬಣ್ಣದ ಕೆಲಸ ಬೇಗ ಮಾಡು ಅಂದರೆ ಆಗುವುದಿಲ್ಲ. ಉಳಿದ ಅರಗನ್ನೆಲ್ಲ ತೆಗೆಯಬೇಕು, ಒಂದು ಚೂರು ಉಳಿದರೂ ಹೊಸ ಬಣ್ಣ ಗುಳ್ಳೆ ಏಳುತ್ತದೆ. ಹಳೆಯ ಕೆಂಪಿಗೆ ಸರಿಹೊಂದುವ ಕೆಂಪು ಡಬ್ಬಿಯಲ್ಲಿ ಸಿಗಲಿಲ್ಲ. ಬಾಮೈದ ಬೆರೆಸಿದ, ತಗಡಿನ ಚೂರಿಗೆ ಹಚ್ಚಿ ನೋಡಿದ, ಇದಲ್ಲ ಅಂದ, ಮತ್ತೆ ಬೆರೆಸಿದ. ಅಷ್ಟರಲ್ಲಿ ನಿಜವಾಗಿಯೂ ಮೋಡ ಕವಿದು ಜಡಿಮಳೆ ಹಿಡಿಯಿತು. ಬಣ್ಣ ಒಣಗದು.

ಇತ್ತ ಅವಳು ಕುರುಡಿಯಾಗುವುದನ್ನು ಕಲಿಯತೊಡಗಿದಳು. ಕತ್ತರಿ, ದಾರದ ಉಂಡೆ, ಅಳತೆಯ ಪಟ್ಟಿ ಎಲ್ಲವನ್ನೂ ತಮ್ಮನ ಹೆಂಡತಿಗೆ ಕೊಟ್ಟುಬಿಟ್ಟಳು. ಉಪ್ಪಿನ ಡಬ್ಬಿಗೆ ಒಂದು ಗಂಟು ಕಟ್ಟಿದಳು, ಸಕ್ಕರೆಯ ಡಬ್ಬಿಯನ್ನು ಹಾಗೇ ಬಿಟ್ಟಳು. ಎಲ್ಲಕ್ಕಿಂತ ದೊಡ್ಡ ಕೆಲಸವೆಂದರೆ, ಕಣ್ಣು ಮುಚ್ಚಿಕೊಂಡಳು.

"ಕಣ್ಣು ಯಾಕೆ ಮುಚ್ಕೊಂಡಿದೀಯ?" ಎಂದು ಕೇಳಿದ ಮಿಂಚಣ್ಣ.

"ಇನ್ಯಾಕೆ ತೆರ್ಕೊಂಡಿರ್ಬೇಕು? ನೊಣ ಕೂರೋಕಾ?" ಅಂದಳು. "ಅಂಗಡೀಲಿ ಸಾಮಾನು ಖಾಲಿಯಾದ ಮೇಲೆ ಬಾಗಿಲು ಹಾಕ್ಬೇಕಪ್ಪ."

"ಒಂದು ಸಲ ತೆಗೆದು ನೋಡೇ. ಬೆಳಕೋ ಏನೋ ಕಾಣಬಹುದು."

"ಬೇಡ ರೀ. ನೋಡಿ ನೋಡಿ ಇಲ್ಲ ಅನ್ನಿಸ್ಕೊಳ್ಳೋದು ಒಂದು ಸಲ ಸಾಕು."

ಆ ದಿನಗಳೆಲ್ಲ, ಬೆಳಕು ಇನ್ನೂ ಉಳಿದಿದ್ದ ಆ ಕಣ್ಣುಗಳು ರೆಪ್ಪೆಯ ಹಿಂದೆ ಸುಮ್ಮನೆ ಕೂತಿದ್ದವು. ಮಿಂಚಣ್ಣ ಅನ್ನದ ಮುಂದೆ ಕೂತರೂ ಅವನ ಕಣ್ಣು ಅವಳ ರೆಪ್ಪೆಯ ಮೇಲೆ. ಹೇಳಿಬಿಡಲು ಬಾಯಿ ತೆರೆಯುವನು. ಆಗ ಅವಳು, "ಕಾರು ಹೇಗಿದೆ? ಹೊಳೀತಿದೆಯಾ?" ಅನ್ನುವಳು.

ಅಷ್ಟೇ ಸಾಕಿತ್ತು. ತೆರೆದ ಬಾಯಿಯಿಂದ ಬೇರೆಯದೇ ಹೊರಡುತ್ತಿತ್ತು. ಕಾರು ಗ್ಯಾರೇಜಿನಲ್ಲಿ ಬೋಳಾಗಿ ನಿಂತಿದ್ದರೆ ಇವನು ಕಿಟಕಿಯ ಕೆಳಗೆ ಖಾಲಿ ಬೀದಿಯನ್ನು ನೋಡುತ್ತ ಹೇಳುವನು: "ಹೊಳೀತಿದೆಯಾ ಅಂತ ಕೇಳ್ತೀಯಲ್ಲ. ಈಗ ತಾನೇ ಒಬ್ಬ ಕೊಡೆ ಹಿಡ್ಕೊಂಡು ಬಂದ. ಕಾರಿನಲ್ಲಿ ಇನ್ನೊಬ್ಬ ಕೊಡೆ ಹಿಡ್ಕೊಂಡು ಎದುರಿಗೆ ಬರೋದು ಕಂಡು ದಾರಿ ಬಿಟ್ಟು ನಿಂತ. ಅವನೂ ನಿಂತ. ಇನ್ನೂ ನಿಂತಿದಾರೆ ಇಬ್ಬರೂ." ಅವಳು ಕಣ್ಣು ಮುಚ್ಚಿಕೊಂಡೇ ನಗುವಳು. ಈಗ ಅವಳು ಅವನ ಮಾತಿಗೆ ಕತ್ತರಿ ಹಾಕುತ್ತಿರಲಿಲ್ಲ. ಕತ್ತರಿಯನ್ನು ಕೊಟ್ಟುಬಿಟ್ಟಿದ್ದಳಲ್ಲ. "ಇನ್ನೂ ಹೇಳಿ," ಅನ್ನುವಳು. ಒಂದು ಸುಳ್ಳು ಹೇಳಿದಾಗಲೆಲ್ಲ ನಿಜ ಒಂದು ಮಾರು ಕೆಳಕ್ಕೆ ಹೋಗುತ್ತಿತ್ತು.

ಮಳೆ ಬಿಟ್ಟ ಮೇಲೆ ಒಂದು ಮಧ್ಯಾಹ್ನ ಕಾರು ಬಂತು. ಬಾಮೈದನೇ ಓಡಿಸಿಕೊಂಡು ಬಂದು ಕಿಟಕಿಯ ಕೆಳಗೆ ನಿಲ್ಲಿಸಿದ. ಅವನು ಎಷ್ಟು ಚೆನ್ನಾಗಿ ಹೊಡೆದಿದ್ದನೆಂದರೆ ಮಿಂಚಣ್ಣನಿಗೆ ಕಾಗೆ, ಬೆಕ್ಕು ಯಾವುದೂ ನೆನಪಾಗಲಿಲ್ಲ. ಬಿಸಿಲು ಕಾರಿನ ಮೇಲೆ ನೇರವಾಗಿ ಬಿದ್ದಿತ್ತು. ಮಿಂಚಣ್ಣ ಒಳಗೆ ಓಡಿ ಹೆಂಡತಿಯನ್ನು ಎಬ್ಬಿಸಿಕೊಂಡು ಬಂದು ಕಿಟಕಿಯ ಹತ್ತಿರ ಕೂರಿಸಿದ.

"ಕಣ್ಣು ಬಿಡೇ."

"ಯಾಕೆ?"

"ನಾನು ಹೇಳ್ತೀನಿ, ಬಿಡು. ಇದೊಂದು ಸಲ."

ಅವಳು ಕಣ್ಣು ತೆರೆದಳು. ಕಟ್ಟೆಯ ಮೇಲೆ ಕೈ ಊರಿದಳು. ಮಿಂಚಣ್ಣ ಅವಳ ಮುಖವನ್ನೇ ನೋಡುತ್ತಿದ್ದ. ಹಿಂದಕ್ಕೆ ಸರಿಯುತ್ತಾಳೆ, ಯಾರೋ ಹತ್ತಿರ ಬಂದ ಹಾಗೆ ಸರಿಯುತ್ತಾಳೆ ಎಂದು ಕಾದ. ಅವಳು ಸರಿಯಲಿಲ್ಲ. ಕಾರು ಕೆಳಗೆ ಉರಿಯುತ್ತಿತ್ತು, ಅವಳ ಮುಖ ಕಾರಿಲ್ಲದ ಕಡೆಗೆ ತಿರುಗಿತ್ತು.

"ಏನಿದೆ?" ಎಂದು ಕೇಳಿದಳು.

ಬಾಮೈದ ಗೋಡೆಯ ಕಡೆ ಮುಖ ಮಾಡಿ ನಿಂತ.

"ಕೆಳಗೆ ನೋಡು. ಸರಿಯಾಗಿ ನೋಡು," ಅಂದ ಮಿಂಚಣ್ಣ. ಅವಳ ಗಲ್ಲ ಹಿಡಿದು ತಿರುಗಿಸಿದ. "ಈಗ?"

"ಏನೂ ಇಲ್ಲ ರೀ. ಅವತ್ತೇ ಹೋಯ್ತಲ್ಲ." ಹಾಗೆಂದವಳು ಮೂಗು ಎತ್ತಿದಳು. "ಇದೇನು ವಾಸನೆ? ಹೊಸ ಬಣ್ಣದ್ದು."

ಅವಳೇ ಎದ್ದು, ಗೋಡೆ ಹಿಡಿದು, ಬಾಗಿಲು ದಾಟಿ, ಮೆಟ್ಟಿಲು ಇಳಿದು ಹೊರಗೆ ಬಂದಳು. ಕಾರನ್ನು ಮುಟ್ಟಿದಳು. ಅಂಗಿಯ ಹೊಲಿಗೆಯನ್ನು ಬೆರಳಲ್ಲೇ ಓದುತ್ತಿದ್ದ ಕೈ ಅದು. ಬಾನೆಟ್ಟಿನ ಮೇಲೆ ಓಡಾಡಿತು, ಬಾಗಿಲಿನ ಮೇಲೆ ಓಡಾಡಿತು, ಹಳೆಯ ಗೀರುಗಳಿದ್ದ ಜಾಗದಲ್ಲಿ ಗೀರಿಲ್ಲದ್ದನ್ನು ಕಂಡು ನಿಂತಿತು.

"ಅವತ್ತು ಇದು ಕೆಂಪಗಿರ್ಲಿಲ್ಲ," ಅಂದಳು. ಅದು ಪ್ರಶ್ನೆಯಾಗಿರಲಿಲ್ಲ.

ಮಿಂಚಣ್ಣ ಕಾರಿನ ಪಕ್ಕ ನೆಲದ ಮೇಲೆ ಕೂತ. ಕೂತು ಹೇಳಿದ. ಅರಗಿನದು, ಇಬ್ಬನಿಯದು, ಉಪ್ಪುಕಾಗದದ್ದು, ಕೈ ಮುಗಿದದ್ದು, ಖಾಲಿ ಬೀದಿಯದ್ದು. ಯಾವುದಕ್ಕೂ ಹೊಳಪು ಹಚ್ಚಲಿಲ್ಲ. ಅವಳು ನಿಂತೇ ಕೇಳಿದಳು. ತಮ್ಮನ ಕಡೆ ಮುಖ ತಿರುಗಿಸಿ, "ನೀನೂ ಇದ್ದೆ," ಎಂದಷ್ಟೇ ಅಂದಳು. ಬಾಮೈದ ಮನೆಯ ಹಿಂದಕ್ಕೆ ಹೋದ.

ಬೈದಿದ್ದರೆ ಚೆನ್ನಾಗಿತ್ತು. ಎದೆ ಬಡಿದುಕೊಂಡು ಅತ್ತಿದ್ದರೂ ಮಿಂಚಣ್ಣ ತಡೆದುಕೊಳ್ಳುತ್ತಿದ್ದ. ಅವಳು ಬಾನೆಟ್ಟಿಗೆ ಬೆನ್ನು ಒರಗಿಸಿ, ಬಿಸಿಲಿಗೆ ಮುಖ ಒಡ್ಡಿ, ಕಣ್ಣು ತೆರೆದುಕೊಂಡೇ ನಿಂತಳು.

"ಅವತ್ತೇ ಹೇಳಿದ್ರೆ, ಬೀದೀಲಿ ಹೋಗೋ ಯಾವುದಾದ್ರೂ ಕೆಂಪು ನೋಡ್ಕೋತಿದ್ದೆ," ಅಂದಳು. "ಒಂದು ಕೆಂಪು ಬಕೆಟ್ಟಾದ್ರೂ ಸಾಕಿತ್ತು."

ಮಿಂಚಣ್ಣನಿಗೆ ಅದು ಹೊಳೆದೇ ಇರಲಿಲ್ಲ. ಒಂದು ಬಕೆಟ್ಟು. ಅವತ್ತು ಹಗ್ಗದ ಮೇಲೇ ಕಾರು ಒರೆಸಿದ ಕೆಂಪು ಬಟ್ಟೆಗಳು ನೇತಾಡುತ್ತಿದ್ದವು, ಅವಳ ಪ್ರಾಣ ಇದ್ದದ್ದು ಕೆಂಪಿನಲ್ಲಿ, ಇವನ ಮಾನ ಇದ್ದದ್ದು ಕಾರಿನಲ್ಲಿ.

ಆಮೇಲೆ ಅವಳು, "ಸರಿ, ಈಗ ಹೇಗಿದೆ ಹೇಳಿ," ಅಂದಳು. "ಕೆಂಪು ಹೇಗಿದೆ ಅಂತ ಹೇಳಿ. ಕಾಗೆ ಬೇಡ, ಕೊಡೆಯವನು ಬೇಡ. ಇರೋದನ್ನ ಇರೋ ಹಾಗೆ."

ಮಿಂಚಣ್ಣ ಎದ್ದು ಕಾರಿನ ಮುಂದೆ ನಿಂತ. ನೋಡಿದ. ತುಟಿ ಒದ್ದೆ ಮಾಡಿಕೊಂಡ. ಅವನಿಗೆ ಹೋಲಿಕೆ ಬಂತು, ಅದು ಸುಳ್ಳು ಅನ್ನಿಸಿತು. ಇನ್ನೊಂದು ಬಂತು, ಅದೂ ಸುಳ್ಳು.

"ಕೆಂಪಗಿದೆ," ಅಂದ.

"ಅಷ್ಟೇನಾ?"

"ಅಷ್ಟೇ ಕಣೇ."

"ನಾಳೆ ಇನ್ನೂ ಸರಿಯಾಗಿ ನೋಡಿ ಹೇಳಿ," ಅಂದು ಅವಳು ಒಳಗೆ ಹೋದಳು.

ಮಾರನೆಯ ದಿನವೂ ಕೇಳಿದಳು. ಅದರ ಮಾರನೆಯ ದಿನವೂ. ಇವತ್ತಿಗೂ ಊಟವಾದ ಮೇಲೆ ಅವಳು ಕಟ್ಟೆಯ ಮೇಲೆ ಕೈ ಊರಿ ಕೂರುತ್ತಾಳೆ, ಅವನು ಕಾರಿನ ಮುಂದೆ ಹೋಗಿ ನಿಲ್ಲುತ್ತಾನೆ. ಮರದ ಕೆಲಸ ಬಿಟ್ಟಿದ್ದಾನೆ, ಮಾತೂ ಹೆಚ್ಚುಕಡಿಮೆ ಬಿಟ್ಟಿದ್ದಾನೆ. ಬಾಯಿ ತೆರೆಯುತ್ತಾನೆ, ಮುಚ್ಚುತ್ತಾನೆ, ಕೆಂಪಗಿದೆ ಅನ್ನುತ್ತಾನೆ. ಅವಳು ನಾಳೆ ಅನ್ನುತ್ತಾಳೆ.

ಪಾಪದವನ ಕೈಯಲ್ಲಿ ಆಗುತ್ತಿಲ್ಲ, ಅದಕ್ಕೇ ನಾನು ಮನೆ ಮನೆಗೂ ಹೋಗಿ ಕೇಳುತ್ತಿದ್ದೇನೆ. ನಿಮಗೆ ಎರಡೂ ಕಣ್ಣು ಚೆನ್ನಾಗಿವೆ, ನಾಲಿಗೆಯೂ ಆಡುತ್ತದೆ. ಕೆಂಪು ಹೇಗಿರುತ್ತದೆ ಅನ್ನುವುದನ್ನು ಒಂದು ಚೂರೂ ಸುಳ್ಳು ಬೆರೆಸದೆ ನೀವೇ ಹೇಳಿಬಿಡಿ, ಹೋಗಿ ಮುಟ್ಟಿಸುತ್ತೇನೆ. ಆಮೇಲೆ ಹೇಳುತ್ತೇನೆ ಅಂತ ಎದ್ದು ಹೋಗುವ ಹಾಗಿಲ್ಲ. ನಿಮ್ಮ ಚಪ್ಪಲಿ ಎಲ್ಲಿದೆ ಅಂತ ಸ್ವಲ್ಪ ಬಗ್ಗಿ ನೋಡಿ, ಆಗಲೇ ನನ್ನ ಕಾಲಡಿ ಇದೆ.